ಅದೃಶ್ಯನಿಗೂ ನೆರಳುಂಟು

1936ರಲ್ಲಿ ಲಂಡನ್ನಿನ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ಅವರ ಮೇಜಿನ ಮೇಲೆ ಒಂದು ಹಸ್ತಪ್ರತಿ ಬಂದು ಕುಳಿತಿತು. ಬರೆದವರು ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಆರ್. ಟೋಲ್ಕಿನ್, ಕೃತಿಯ ಹೆಸರು ‘ದಿ ಹಾಬಿಟ್’. ಮಕ್ಕಳ ಪುಸ್ತಕಕ್ಕೆ ಮಕ್ಕಳೇ ತಕ್ಕ ಪರೀಕ್ಷಕರೆಂಬುದು ಅನ್ವಿನ್ ಅವರ ನಂಬಿಕೆ. ಹಸ್ತಪ್ರತಿಯನ್ನು ಅವರು ತಮ್ಮ ಹತ್ತು ವರ್ಷದ ಮಗ ರೇನರನ ಕೈಗಿತ್ತರು. ಹುಡುಗ ಓದಿ, ಪುಟ್ಟದೊಂದು ವರದಿ ಬರೆದು, ಒಂದು ಷಿಲಿಂಗು ಸಂಭಾವನೆ ಪಡೆದ. ಪುಸ್ತಕ ಚೆನ್ನಾಗಿದೆ, ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆಲ್ಲ ಹಿಡಿಸೀತು ಎಂಬುದು ಆ ವರದಿಯ ತಾತ್ಪರ್ಯ. ಪರೀಕ್ಷಕನಿಗೆ ಹತ್ತು ವರ್ಷ. ಆದ್ದರಿಂದ ಪುಸ್ತಕ ಅವನಿಗಿಂತ ಚಿಕ್ಕವರದು!

ಬಾಲಕನ ಈ ಗಾಂಭೀರ್ಯ ನಗು ತರಿಸುತ್ತದೆ, ನಿಜ. ಆದರೆ ಅದ್ಭುತ ಕಥೆಗಳ ವಿಷಯದಲ್ಲಿ ವಯಸ್ಕರಾದ ನಾವು ಕೊಡುವ ತೀರ್ಪು ಇದಕ್ಕಿಂತ ಬಹಳ ಬೇರೆಯೇನಲ್ಲ. ರಾತ್ರಿ ಎರಡು ಗಂಟೆಯವರೆಗೆ ದೀಪ ಆರಿಸದೆ ಓದುತ್ತೇವೆ. ಮರುದಿನ ಯಾರಾದರೂ ವಿಚಾರಿಸಿದರೆ, ‘ಏನೋ ಮಕ್ಕಳ ಪುಸ್ತಕ, ಸುಮ್ಮನೆ ತಿರುವಿ ಹಾಕಿದೆ’ ಎನ್ನುತ್ತೇವೆ. ದೊಡ್ಡ ವಿಮರ್ಶಕರೂ ಈ ಸಂಕೋಚದಿಂದ ಪಾರಾದವರಲ್ಲ. ಟೋಲ್ಕಿನ್ನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954–55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. 1956ರಲ್ಲಿ ಅಮೆರಿಕದ ಹೆಸರಾಂತ ವಿಮರ್ಶಕ ಎಡ್ಮಂಡ್ ವಿಲ್ಸನ್ ಅದನ್ನು ಹದ್ದುಮೀರಿ ಬೆಳೆದ ಮಕ್ಕಳ ಪುಸ್ತಕವೆಂದು ತಳ್ಳಿಹಾಕಿದರು. ಅದೇ ವರ್ಷ ಕವಿ ಡಬ್ಲ್ಯು. ಎಚ್. ಆಡೆನ್ ಅದೇ ಕೃತಿಯನ್ನು ತುಂಬು ಮನಸ್ಸಿನಿಂದ ಮೆಚ್ಚಿ ಬರೆದರು. ಇಬ್ಬರೂ ಪಳಗಿದ ಓದುಗರು. ಒಬ್ಬರು ಕುರುಡರು, ಇನ್ನೊಬ್ಬರು ಕಣ್ಣುಳ್ಳವರು ಎನ್ನುವಂತಿಲ್ಲ. ಹಾಗಾದರೆ ಇಂಥ ಕೃತಿಗಳನ್ನು ಅಳೆಯುವ ಕೋಲು ಯಾವುದು?

‘ಹೀಗೆಲ್ಲ ನಡೆಯುವುದುಂಟೇ?’ ಎಂಬ ಪ್ರಶ್ನೆ ಕೋಲಾಗಲಾರದು. ಅದನ್ನು ಹಿಡಿದು ಹೊರಟರೆ ಮೊದಲು ಮುರಿದು ಬೀಳುವುದು ನಮ್ಮ ರಾಮಾಯಣ ಭಾರತಗಳೇ. ‘ಏನು ಬೇಕಾದರೂ ನಡೆಯಬಹುದು, ಕಲ್ಪನೆಯಲ್ಲವೇ?’ ಎಂಬ ಔದಾರ್ಯವೂ ಅಷ್ಟೇ ನಿರುಪಯುಕ್ತ. ಏನು ಬೇಕಾದರೂ ನಡೆಯಬಹುದಾದ ಕಡೆ ಏನು ನಡೆದರೂ ನಮಗೆ ಚಿಂತೆಯಿಲ್ಲ. ನಾಯಕ ಪ್ರಪಾತಕ್ಕೆ ಬಿದ್ದಾಗ ರೆಕ್ಕೆ ಮೂಡುವುದಾದರೆ, ಅವನು ಬೀಳುವಾಗ ನಾವೇಕೆ ಉಸಿರು ಬಿಗಿಹಿಡಿಯಬೇಕು?

ಈ ಸಮಸ್ಯೆ ನಮ್ಮ ಕಾವ್ಯಮೀಮಾಂಸಕರಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿದ್ದ ಆನಂದವರ್ಧನ ‘ಧ್ವನ್ಯಾಲೋಕ’ದ ಮೂರನೆಯ ಉದ್ಯೋತದಲ್ಲಿ ಇದನ್ನು ನೇರವಾಗಿಯೇ ಎತ್ತಿಕೊಂಡಿದ್ದಾನೆ. ಡಾ. ಕೆ. ಕೃಷ್ಣಮೂರ್ತಿಯವರ ಅನುವಾದದ ಮೂಲಕ ಈ ಗ್ರಂಥ ಕನ್ನಡದ ಓದುಗರಿಗೂ ಪರಿಚಿತವೇ. ಕೇವಲ ಮನುಷ್ಯನಾದ ಅರಸನೊಬ್ಬ ಏಳು ಸಮುದ್ರಗಳನ್ನು ಲಂಘಿಸಿದನೆಂದು ಕವಿ ವರ್ಣಿಸಿದರೆ, ಆ ವರ್ಣನೆ ಎಷ್ಟೇ ಸೊಗಸಾಗಿರಲಿ, ಅದು ನೀರಸವಾಗಿಯೇ ತೀರುತ್ತದೆಂದು ಅವನ ಅಭಿಪ್ರಾಯ. ಅದಕ್ಕೆ ಕಾರಣ ಅನೌಚಿತ್ಯ. ಹೀಗೆಂದು ಅವನು ಸುಮ್ಮನಾಗುವುದಿಲ್ಲ. ಸಾತವಾಹನನೇ ಮೊದಲಾದ ರಾಜರು ನಾಗಲೋಕಕ್ಕೆ ಹೋದ ಕಥೆಗಳಿವೆಯಲ್ಲ ಎಂಬ ಆಕ್ಷೇಪವನ್ನು ತಾನೇ ತಂದು ನಿಲ್ಲಿಸುತ್ತಾನೆ. ಯಾರ ವಿಷಯದಲ್ಲಿ ಎಷ್ಟು ಪ್ರಸಿದ್ಧವೋ ಅಷ್ಟನ್ನು ಹೇಳಿದರೆ ಒಪ್ಪುತ್ತದೆ, ಅದಕ್ಕೆ ಮೀರಿದ್ದನ್ನು ಹೇಳಿದರೆ ಒಪ್ಪದು ಎಂಬ ಧಾಟಿಯಲ್ಲಿ ಸಮಾಧಾನ ಹೇಳುತ್ತಾನೆ. ಗಮನಿಸಬೇಕಾದ ಅಂಶವೆಂದರೆ, ಸಮುದ್ರಲಂಘನವನ್ನು ಅವನು ನಿಷೇಧಿಸುತ್ತಿಲ್ಲ. ಹನುಮಂತ ಹಾರಿದರೆ ನಮಗೆ ರೋಮಾಂಚವಾಗುತ್ತದೆ. ಏಕೆಂದರೆ ಆ ಲೋಕದಲ್ಲಿ ಹನುಮಂತ ಏನು ಮಾಡಬಲ್ಲ, ಏನು ಮಾಡಲಾರ ಎಂಬುದು ನಮಗೆ ಮೊದಲೇ ಗೊತ್ತು. ಎಲ್ಲೆಯಿದ್ದಲ್ಲಿ ಮಾತ್ರ ಅದ್ಭುತಕ್ಕೆ ಅರ್ಥ. ಸಾವಿರದ ನೂರು ವರ್ಷಗಳ ಹಿಂದಿನ ಈ ಮಾತನ್ನು ಇಂದಿನ ಚಿತ್ರನಿರ್ಮಾಪಕರ ಕಚೇರಿಗಳಲ್ಲಿ ಕಟ್ಟು ಹಾಕಿಸಿ ತೂಗುಹಾಕಬಹುದು.

ತತ್ತ್ವ ಸಾಕು, ಉದಾಹರಣೆಗೆ ಬರೋಣ. ‘ದಿ ಹಾಬಿಟ್’ನ ಐದನೆಯ ಅಧ್ಯಾಯದಲ್ಲಿ ಕಥಾನಾಯಕ ಬಿಲ್ಬೊ ಬೆಟ್ಟದ ಹೊಟ್ಟೆಯೊಳಗಿನ ಕತ್ತಲಲ್ಲಿ ದಾರಿ ತಪ್ಪುತ್ತಾನೆ. ಅಲ್ಲಿ ಅವನ ಕೈಗೆ ಒಂದು ಉಂಗುರ ಸಿಗುತ್ತದೆ. ತೊಟ್ಟುಕೊಂಡವನು ಯಾರ ಕಣ್ಣಿಗೂ ಬೀಳುವುದಿಲ್ಲ. ಇದು ಲೋಕದ ಎಲ್ಲ ಅಜ್ಜಿಕಥೆಗಳಲ್ಲೂ ಇರುವ ಸರಕು. ಟೋಲ್ಕಿನ್ ಅದಕ್ಕೆ ಒಂದು ಸಣ್ಣ ಷರತ್ತು ಸೇರಿಸುತ್ತಾರೆ: ಬಿಸಿಲಿಗೆ ಬಂದರೆ ತೊಟ್ಟವನ ಮಸುಕಾದ ನೆರಳು ನೆಲದ ಮೇಲೆ ಬೀಳುತ್ತದೆ. ಅಧ್ಯಾಯದ ಕೊನೆಯಲ್ಲಿ ಬಿಲ್ಬೊ ಗುಹೆಯ ಬಾಗಿಲಿಗೆ ಬಂದಾಗ ಹೊರಗೆ ಬಿಸಿಲು, ಒಳಗೆ ಕಾವಲಿನ ರಾಕ್ಷಸರು. ತೆರೆದ ಬಾಗಿಲ ಸಂದಿಯಲ್ಲಿ ನುಸುಳಹೋಗಿ ಅವನು ಸಿಕ್ಕಿಕೊಳ್ಳುತ್ತಾನೆ. ಅವನ ಅಂಗಿಯ ಹಿತ್ತಾಳೆಯ ಗುಂಡಿಗಳು ಕಿತ್ತು ಸಿಡಿಯುತ್ತವೆ. ಕಾವಲಿನವನೊಬ್ಬ ನೆರಳನ್ನು ಕಂಡು ಕೂಗುತ್ತಾನೆ. ಆ ಕ್ಷಣದ ಭಯವೆಲ್ಲ ಹುಟ್ಟುವುದು ಉಂಗುರದ ಶಕ್ತಿಯಿಂದಲ್ಲ, ಅದರ ಕೊರತೆಯಿಂದ. ಅಷ್ಟೇ ಅಲ್ಲ, ಮಾಯೆಯ ಸಹಾಯ ಸಿಕ್ಕರೂ ಗುಂಡಿಗಳ ಬೆಲೆ ತೆರಲೇಬೇಕಾಯಿತು. ಅದ್ಭುತ ಕಥೆಯನ್ನು ಕೈಗೆತ್ತಿಕೊಂಡಾಗ ನಾನು ಹುಡುಕುವುದು ಇವೆರಡನ್ನೇ: ಅದೃಶ್ಯನಿಗೆ ನೆರಳು ಬೀಳುತ್ತದೆಯೇ, ಅಂಗಿಯ ಗುಂಡಿಗಳು ಕಿತ್ತುಹೋಗುತ್ತವೆಯೇ?

ಟೋಲ್ಕಿನ್ನರಿಗೆ ಈ ವಿಷಯದಲ್ಲಿ ಸ್ಪಷ್ಟವಾದ ವಿಚಾರವಿತ್ತು. 1939ರ ಮಾರ್ಚಿಯಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಅವರು ಯಕ್ಷಕಥೆಗಳನ್ನು ಕುರಿತು ಉಪನ್ಯಾಸ ಮಾಡಿದರು. ಓದುಗ ತನ್ನ ಅಪನಂಬಿಕೆಯನ್ನು ಬೇಕೆಂದೇ ಬದಿಗಿಡುತ್ತಾನೆ ಎಂಬ ಪ್ರಸಿದ್ಧ ವಾದ ಅವರಿಗೆ ಒಪ್ಪಿಗೆಯಿಲ್ಲ. ಕಥೆಗಾರ ತನ್ನ ಕೆಲಸವನ್ನು ಸರಿಯಾಗಿ ಮಾಡಿದರೆ ಬದಿಗಿಡುವ ಪ್ರಮೇಯವೇ ಬರುವುದಿಲ್ಲ. ಒಳಗಿರುವಷ್ಟು ಹೊತ್ತು ಅಲ್ಲಿನ ನಿಯಮಕ್ಕೆ ಅನುಗುಣವಾದುದೆಲ್ಲ ನಿಜವೇ. ಅಪನಂಬಿಕೆ ತಲೆ ಹಾಕಿತೋ, ಮಾಟ ಮುರಿಯಿತು, ನಾವು ಹೊರಗೆ ಬಿದ್ದೆವು.

ಸಾಹಸಕಥೆಯಲ್ಲಿ ಮಾಯೆಯಿಲ್ಲ, ಆದರೆ ನಿಯಮ ಅಲ್ಲೂ ಇದೆ. ಅಲ್ಲಿ ಅದರ ಹೆಸರು ಭೂಗೋಳ. ರಾಬರ್ಟ್ ಲೂಯಿ ಸ್ಟೀವನ್‌ಸನ್ ‘ಟ್ರೆಷರ್ ಐಲೆಂಡ್’ ಬರೆಯಲು ಆರಂಭಿಸಿದ್ದು ಒಂದು ನಕ್ಷೆಯಿಂದ. 1881ರ ಮಳೆ ಹಿಡಿದ ಬೇಸಿಗೆಯಲ್ಲಿ ಹೆಂಡತಿಯ ಮೊದಲ ಮದುವೆಯ ಮಗ ಲಾಯ್ಡನ ಜೊತೆ ಕುಳಿತು ಬಣ್ಣ ಹಚ್ಚುತ್ತ, ಇಲ್ಲದ ದ್ವೀಪವೊಂದರ ನಕ್ಷೆ ಬರೆದರು. ಆ ಕೊಲ್ಲಿ, ಬೆಟ್ಟ, ಕಾಡುಗಳಿಂದ ಕಥೆ ತಾನೇ ಎದ್ದು ಬಂದಿತಂತೆ. ಕಥೆ ಮೊದಲು ಮಕ್ಕಳ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1883ರಲ್ಲಿ ಪುಸ್ತಕವಾಗುವ ಹೊತ್ತಿಗೆ, ಪ್ರಕಾಶಕರಿಗೆ ಕಳುಹಿಸಿದ ನಕ್ಷೆ ಕಳೆದುಹೋಯಿತು. ಈಗ ಅವರಿಗೆ ಒದಗಿದ್ದು ತಿರುಗುಮುರುಗಾದ ಕೆಲಸ. ಪುಸ್ತಕದ ಉದ್ದಕ್ಕೂ ಬರುವ ದಿಕ್ಕು ದೂರಗಳನ್ನೆಲ್ಲ ಪಟ್ಟಿ ಮಾಡಿಕೊಂಡು, ಅವಕ್ಕೆ ಹೊಂದುವ ಹಾಗೆ ಹೊಸ ನಕ್ಷೆಯನ್ನು ತಂದೆಯ ಕಚೇರಿಯಲ್ಲಿ ಕುಳಿತು ಸಿದ್ಧಪಡಿಸಬೇಕಾಯಿತು. ಅವರ ಮನಸ್ಸಿಗೆ ಅದು ಎಂದೂ ನಿಜವಾದ ನಕ್ಷೆಯಾಗಲಿಲ್ಲ. ಆದರೆ ಕಥೆಯೊಳಗಿನಿಂದ ನಕ್ಷೆಯನ್ನು ಮತ್ತೆ ಹೊರತೆಗೆಯಲು ಸಾಧ್ಯವಾಯಿತಲ್ಲ, ಅದೇ ಆ ಕಥೆಗೆ ಸಂದ ಪ್ರಶಸ್ತಿಪತ್ರ. ನಮ್ಮ ಎಷ್ಟು ಪತ್ತೇದಾರಿ, ಸಾಹಸ ಕಾದಂಬರಿಗಳು ಈ ಪರೀಕ್ಷೆಯಲ್ಲಿ ತೇರ್ಗಡೆಯಾದಾವು?

ಒಂದಂತೂ ಖಂಡಿತ ಆಗುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಪ್ರಕಟವಾಯಿತು. ಅದನ್ನು ಸಾಹಸಕಥೆಯೆಂದು ಕರೆಯಲು ನಮ್ಮ ವಿಮರ್ಶೆ ಸ್ವಲ್ಪ ಹಿಂಜರಿಯುತ್ತದೆ, ಆ ಮಾತಿನಿಂದ ಕೃತಿಯ ಘನತೆಗೆ ಕುಂದಾಗುತ್ತದೋ ಏನೋ ಎಂದು. ಆದರೆ ಅದರ ಹಂದರ ಅಪ್ಪಟ ಸಾಹಸಕಥೆಯದು: ಒಬ್ಬ ವಿಜ್ಞಾನಿ, ಒಬ್ಬ ಹಳ್ಳಿಯ ಹುಡುಗ, ಅಡುಗೆಯವ, ಛಾಯಾಗ್ರಾಹಕ, ಒಂದು ನಾಯಿ, ಇವರೆಲ್ಲ ಸೇರಿ ಹಾರುವ ಓತಿಯನ್ನು ಅರಸುತ್ತ ಮಲೆನಾಡಿನ ಕಾಡು ಹೊಗುತ್ತಾರೆ. ಕಥೆ ಶುರುವಾಗುವುದೋ ಮೂಡಿಗೆರೆಯ ಜೇನು ಸೊಸೈಟಿಯಲ್ಲಿ ಜೇನುತುಪ್ಪ ಕೊಳ್ಳುವಲ್ಲಿ! ಆ ಸೊಸೈಟಿ, ಆ ಗದ್ದೆ, ಆ ಪೇಟೆಯ ಗಲಾಟೆ ಅಷ್ಟು ಗಟ್ಟಿಯಾಗಿರುವುದರಿಂದಲೇ ಕೊನೆಯಲ್ಲಿ ಓತಿ ಬಂಡೆಯಂಚಿನಿಂದ ಕಣಿವೆಯ ಶೂನ್ಯಕ್ಕೆ ತೇಲಿಹೋದಾಗ ನಮ್ಮ ಎದೆ ಝಲ್ಲೆನ್ನುತ್ತದೆ. ಕೈಗೆ ಸಿಗಬೇಕಾದದ್ದು ಸಿಗಲಿಲ್ಲ. ಆದರೂ ಓದುಗ ಬರಿಗೈಯಲ್ಲಿ ಹಿಂತಿರುಗುವುದಿಲ್ಲ. ಭರತಮುನಿ ಅದ್ಭುತರಸವನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾನೆ: ದಿವ್ಯವಾದುದನ್ನು ಕಂಡು ಹುಟ್ಟುವುದು ಒಂದು, ಆನಂದದಿಂದ ಹುಟ್ಟುವುದು ಇನ್ನೊಂದು. ಓತಿ ಹಾರುವಾಗ ಎರಡೂ ಒಟ್ಟಿಗೆ ಒದಗುತ್ತವೆ.

ಇನ್ನು ಚಲನಚಿತ್ರ. ದಿವ್ಯವನ್ನು ಕಣ್ಣೆದುರು ತಂದು ನಿಲ್ಲಿಸುವುದರಲ್ಲಿ ಸಿನಿಮಾಕ್ಕೆ ಸರಿಸಾಟಿಯಾದ ಮಾಧ್ಯಮ ಇನ್ನೊಂದಿಲ್ಲ. ಅದರ ತೊಡಕೂ ಅಲ್ಲಿಯೇ. ನ್ಯೂಜಿಲೆಂಡಿನ ನಿರ್ದೇಶಕ ಪೀಟರ್ ಜಾಕ್ಸನ್ 2001ರಿಂದ 2003ರವರೆಗೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕೃತಿಯನ್ನು ಮೂರು ಚಿತ್ರಗಳಾಗಿ ತೆರೆಗೆ ತಂದರು. ಸಾವಿರಕ್ಕೂ ಹೆಚ್ಚು ಪುಟಗಳ ಗ್ರಂಥ ಒಂಬತ್ತು ಗಂಟೆ ಚಿಲ್ಲರೆಯ ಚಿತ್ರವಾಯಿತು. ಕೊನೆಯ ಭಾಗಕ್ಕೆ 2004ರಲ್ಲಿ 11 ಆಸ್ಕರ್ ಪ್ರಶಸ್ತಿಗಳು ಬಂದವು. ಮುಂದೆ ಅವರೇ ಮುನ್ನೂರು ಪುಟಗಳ ಆಸುಪಾಸಿನ ‘ದಿ ಹಾಬಿಟ್’ ಅನ್ನು ಎತ್ತಿಕೊಂಡರು. ಮೊದಲು ಎರಡು ಭಾಗವೆಂದಿದ್ದುದು ಮೂರಾಯಿತು. 2012, 2013, 2014ರ ಡಿಸೆಂಬರುಗಳಲ್ಲಿ ಬಿಡುಗಡೆಯಾದ ಅವುಗಳ ಒಟ್ಟು ಅವಧಿ ಎಂಟು ಗಂಟೆಗೆ ಸಮೀಪ. ದೊಡ್ಡ ಗ್ರಂಥವನ್ನು ಹಿಂಡಿ ಇಳಿಸುವಾಗ ಆಯ್ಕೆ ಅನಿವಾರ್ಯ, ಆಯ್ಕೆ ಕಲೆಗೆ ಹತ್ತಿರದ ನಂಟು. ಚಿಕ್ಕದನ್ನು ಎಳೆದು ಹಿಗ್ಗಿಸುವಾಗ ತುಂಬಿಸಬೇಕಾಗುತ್ತದೆ.

ಹೇಗೆ ತುಂಬಿಸಿದರು ಎಂಬುದಕ್ಕೆ ಪೀಪಾಯಿಗಳ ಪ್ರಸಂಗವೊಂದೇ ಸಾಕು. ಮೂಲದಲ್ಲಿ ಬಿಲ್ಬೊ ತನ್ನ ಕುಳ್ಳ ಸಂಗಡಿಗರನ್ನು ಸೆರೆಮನೆಯಿಂದ ತಪ್ಪಿಸಲು ಹುಲ್ಲು ತುಂಬಿದ ಪೀಪಾಯಿಗಳಲ್ಲಿ ಮುಚ್ಚಿ ಹೊಳೆಗೆ ತೇಲಿಬಿಡುತ್ತಾನೆ. ಅವನಿಗೇ ಪೀಪಾಯಿಯಿಲ್ಲ! ಒಂದರ ಮೇಲೆ ಹೇಗೋ ಕವುಚಿಕೊಂಡು, ತಣ್ಣೀರಿನಲ್ಲಿ ನೆನೆಯುತ್ತ ಸಾಗುತ್ತಾನೆ. ಊರು ಸೇರಿದಾಗ ಅವನಿಗೆ ಎಂಥ ನೆಗಡಿ ಹಿಡಿದಿರುತ್ತದೆಂದರೆ, ಔತಣದಲ್ಲಿ ಅವನು ಹೇಳುವ ವಂದನೆಯ ಮಾತು ಕೂಡ ಮೂಗಿನಲ್ಲಿ ಸಿಕ್ಕಿಕೊಳ್ಳುತ್ತದೆ. 2013ರ ಚಿತ್ರದಲ್ಲಿ ಪೀಪಾಯಿಗಳ ಬಾಯಿ ತೆರೆದಿದೆ. ದಡದುದ್ದಕ್ಕೂ ಶತ್ರುಗಳು ಬೆನ್ನಟ್ಟುತ್ತಾರೆ. ಮೂಲದಲ್ಲಿ ಇಲ್ಲವೇ ಇಲ್ಲದ ಬಿಲ್ಲುಗಾರ ಲೆಗೋಲಾಸ್ ಕುಳ್ಳರ ತಲೆಗಳ ಮೇಲೆ ಕಾಲಿಟ್ಟು ಕುಣಿಯುತ್ತ ಬಾಣ ಬಿಡುತ್ತಾನೆ. ಒಂದು ಪೀಪಾಯಿ ದಡಕ್ಕೆ ಪುಟಿದು ಡಜನುಗಟ್ಟಲೆ ವೈರಿಗಳನ್ನು ಉರುಳಿಸಿ ಮತ್ತೆ ನೀರಿಗೆ ಬೀಳುತ್ತದೆ. ಒಬ್ಬನಿಗೆ ಬಾಣ ತಗುಲುವುದನ್ನು ಬಿಟ್ಟರೆ ಯಾರಿಗೂ ಏನೂ ಆಗುವುದಿಲ್ಲ. ಚಿತ್ರಮಂದಿರದಲ್ಲಿ ಶಿಳ್ಳೆ ಬೀಳುವ ದೃಶ್ಯ, ಒಪ್ಪತಕ್ಕದ್ದೇ. ಆದರೆ ಏಳು ಸಮುದ್ರ ದಾಟಿದ ಆ ಮನುಷ್ಯಮಾತ್ರದ ಅರಸ ಇಲ್ಲಿ ಪೀಪಾಯಿಯಲ್ಲಿ ಕುಳಿತು ಬಂದಿದ್ದಾನೆ. ನೆಗಡಿಯಿಂದ ನಂಬಿಕೆ ಹುಟ್ಟಿತ್ತು, ಪ್ರಳಯದಿಂದ ಹುಟ್ಟಲಿಲ್ಲ.

ಈ ಚಿತ್ರಮಾಲೆಯ ಜೊತೆಗೆ ನಡೆದ ಇನ್ನೊಂದು ಪ್ರಯೋಗ ಬಹಳ ಬೋಧಪ್ರದವಾದದ್ದು. ಮಾತಿನ ಚಿತ್ರಗಳು ಬಂದಾಗಿನಿಂದ ಸೆಕೆಂಡಿಗೆ 24 ಚಿತ್ರಚೌಕಟ್ಟುಗಳು ಓಡುವುದು ಪದ್ಧತಿ. ಜಾಕ್ಸನ್ ಅದನ್ನು 48ಕ್ಕೆ ಏರಿಸಿದರು. ಚಲನೆಯ ಮಸುಕು ಹೋಗಿ ಎಲ್ಲವೂ ಕನ್ನಡಿಯಂತೆ ನಿಚ್ಚಳವಾಯಿತು. ಆಗ ಅನೇಕ ವಿಮರ್ಶಕರೂ ಪ್ರೇಕ್ಷಕರೂ ದೂರಿದ್ದೇನು? ಗುಹೆ ಗುಹೆಯಂತೆ ಕಾಣುವುದಿಲ್ಲ, ಸ್ಟುಡಿಯೋದ ಸೆಟ್ಟಿನಂತೆ ಕಾಣುತ್ತದೆ; ಟೆಲಿವಿಷನ್ ನೋಡಿದಂತಾಗುತ್ತದೆ! ಕಾಣುವುದು ಹೆಚ್ಚಿದಷ್ಟೂ ನಂಬುವುದು ಕಡಿಮೆಯಾಯಿತು. 1957ರ ‘ಮಾಯಾಬಜಾರ್’ನಲ್ಲಿ ಘಟೋತ್ಕಚ ಬಾಯಿ ತೆರೆದರೆ ಲಾಡುಗಳು ತಾವಾಗಿ ಹಾರಿ ಒಳಹೋಗುತ್ತವೆ. ತಂತ್ರ ಹಳೆಯದು, ಎಳೆಯ ಮಕ್ಕಳಿಗೂ ಗುಟ್ಟು ತಿಳಿದೀತು. ಆದರೂ ಎಸ್. ವಿ. ರಂಗರಾವ್ ಅವರ ಮುಖದ ಆ ತೃಪ್ತಿ ಕಂಡಮೇಲೆ ಲಾಡು ಹಾರಿದ್ದು ಹೇಗೆಂದು ಯಾರೂ ಕೇಳುವುದಿಲ್ಲ. ಜಾಕ್ಸನ್ನರ ಚಿತ್ರಗಳಲ್ಲೂ ನನಗೆ ಅತ್ಯಂತ ಮೆಚ್ಚಿಕೆಯಾದದ್ದು ಅದೇ ಐದನೆಯ ಅಧ್ಯಾಯದ ದೃಶ್ಯ. ಕತ್ತಲ ಕೊಳದ ದಂಡೆಯಲ್ಲಿ ಬಿಲ್ಬೊ, ಗೊಲ್ಲಮ್ ಎಂಬ ಬಡಕಲು ಜೀವಿ, ಇಬ್ಬರೇ ಕುಳಿತು ಒಗಟು ಹಾಕಿಕೊಳ್ಳುತ್ತಾರೆ. ಸೋತರೆ ಬಿಲ್ಬೊನ ಪ್ರಾಣ ಹೋಗುತ್ತದೆ. ಗೊಲ್ಲಮನ ದೇಹವೆಲ್ಲ ಗಣಕಯಂತ್ರದ ಸೃಷ್ಟಿ. ಆದರೆ ಆ ಕಣ್ಣಿನ ಹಿಂದೆ ನಟ ಆಂಡಿ ಸರ್ಕಿಸ್ ಇದ್ದಾರೆ. ಇಲ್ಲಿ ಯಂತ್ರ ಅಭಿನಯಕ್ಕೆ ಊಳಿಗ ಮಾಡಿದೆ.

ಕೊನೆಯದಾಗಿ ಓದುವ ಯಂತ್ರಗಳ ವಿಚಾರ. ಕಥೆಗೂ ಅದನ್ನು ಹೊತ್ತು ತರುವ ಹಾಳೆಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಅದ್ಭುತ ಕಥೆಯ ಮಟ್ಟಿಗೆ ಸಂಬಂಧ ಬಹಳ ನಿಕಟವಾದದ್ದು. ಲೇಖಕ ತಾನೇ ಹಾಕಿದ ನಿಯಮವನ್ನು ಪಾಲಿಸಿದ್ದಾನೆಯೇ ಎಂದು ತಿಳಿಯಲು ಹಿಂದಿನ ಪುಟ ತಿರುಗಿಸಿ ನೋಡಬೇಕು. ಚಿತ್ರಮಂದಿರದಲ್ಲಿ ಕುಳಿತವನಿಗೆ ಆ ಸ್ವಾತಂತ್ರ್ಯವಿಲ್ಲ. ಪುಸ್ತಕ ಹಿಡಿದವನಿಗೆ ಇದೆ. ಇ-ರೀಡರ್ ಹಿಡಿದವನಿಗೆ?

ಆ ಉಪಕರಣದ ಪರದೆ ನಮ್ಮ ಮೊಬೈಲ್ ಫೋನಿನ ಪರದೆಯಂತಲ್ಲ. ಅದರಲ್ಲಿ ಕೂದಲೆಳೆಯ ದಪ್ಪದ ಅಸಂಖ್ಯ ಗುಳಿಗೆಗಳಿವೆ. ಒಂದೊಂದರಲ್ಲೂ ತಿಳಿಯಾದ ದ್ರವ, ಅದರಲ್ಲಿ ಬಿಳಿಯ ಮತ್ತು ಕರಿಯ ಕಣಗಳು. ಒಂದಕ್ಕೆ ಧನ ವಿದ್ಯುದಂಶ, ಇನ್ನೊಂದಕ್ಕೆ ಋಣ. ಕೆಳಗಿನಿಂದ ವಿದ್ಯುತ್ತನ್ನು ಬದಲಿಸಿದರೆ ಬೇಕಾದ ಕಡೆ ಕರಿಯವು ಮೇಲೆ ತೇಲಿ ಅಕ್ಷರವಾಗುತ್ತವೆ. ಒಮ್ಮೆ ಮೂಡಿದ ಅಕ್ಷರ ಪುಟ ತಿರುಗಿಸುವವರೆಗೆ ವಿದ್ಯುತ್ತಿಲ್ಲದೆಯೇ ನಿಲ್ಲುತ್ತದೆ. ನಾವು ಅದನ್ನು ಕಾಗದದಂತೆ ಹೊರಗಿನ ಬೆಳಕಿನಲ್ಲಿ ಓದಬಹುದು. ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಈ ಮಸಿಯನ್ನು ಸೋನಿ ಕಂಪನಿ 2004ರಲ್ಲಿ ಜಪಾನಿನಲ್ಲಿ ಓದುವ ಯಂತ್ರಕ್ಕೆ ಅಳವಡಿಸಿತು. 2007ರ ನವೆಂಬರಿನಲ್ಲಿ ಅಮೆಜಾನ್ ಕಂಪನಿಯ ಕಿಂಡಲ್ 399 ಡಾಲರಿಗೆ ಮಾರುಕಟ್ಟೆಗೆ ಬಂತು. ಅಕ್ಷರವನ್ನು ದೊಡ್ಡದು ಮಾಡಿಕೊಳ್ಳುವ ಅನುಕೂಲ ವಯಸ್ಸಾದ ಕಣ್ಣುಗಳಿಗೆ ಎಂಥ ವರವೆಂಬುದನ್ನು ಅನುಭವಿಸಿದವರೇ ಬಲ್ಲರು. ‘ನೆರಳು’ ಎಂಬ ಪದ ಪುಸ್ತಕದಲ್ಲಿ ಎಲ್ಲೆಲ್ಲಿ ಬಂದಿದೆಯೆಂದು ಕ್ಷಣದಲ್ಲಿ ಹುಡುಕಿಕೊಡುವ ಶಕ್ತಿಯಂತೂ ವಿಮರ್ಶಕನಿಗೆ ದೊರೆತ ದೊಡ್ಡ ಆಯುಧ.

ಕಳೆದುಕೊಂಡದ್ದೂ ಉಂಟು. ಕಥೆ ಮುಗಿಯಲು ಎಷ್ಟು ಪುಟ ಉಳಿದಿದೆಯೆಂದು ಬಲಗೈಯ ಹೆಬ್ಬೆರಳಿಗೆ ತಿಳಿಯುತ್ತಿತ್ತು. ಈಗ ಮೂಲೆಯಲ್ಲಿ ಶೇಕಡ ಇಷ್ಟು ಎಂಬ ಲೆಕ್ಕ ಕಾಣುತ್ತದೆ. ಅಂಗೈಯಗಲದ ಪರದೆಯಲ್ಲಿ ಸ್ಟೀವನ್‌ಸನ್ನರ ನಕ್ಷೆಯನ್ನು ಓದುವುದು ಕಷ್ಟ. ಕನ್ನಡಿಗರಿಗೆ ಇನ್ನೊಂದು ಕೊರಗು: ಅಮೆಜಾನ್ 2016ರ ಡಿಸೆಂಬರಿನಲ್ಲಿ ಕಿಂಡಲಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಆ ಐದರಲ್ಲಿ ಕನ್ನಡವಿರಲಿಲ್ಲ. ಮೈಲ್ಯಾಂಗ್‌ನಂಥ ಕನ್ನಡದ ಆ್ಯಪ್‌ಗಳು ಫೋನಿನ ಮೂಲಕ ಆ ಕೊರತೆಯನ್ನು ತುಂಬುತ್ತಿವೆ. ಆದರೆ ಫೋನಿನಲ್ಲಿ ಓದುವವನ ಬಿಲ್ಬೊ ಗುಹೆಯ ಬಾಗಿಲಲ್ಲಿ ಸಿಕ್ಕಿಕೊಂಡ ಹೊತ್ತಿಗೇ ಯಾರದೋ ಕರೆ ಬರುತ್ತದೆ!

ಇವೆಲ್ಲ ಸಣ್ಣ ಮಾತು. ದೊಡ್ಡದು ಬೇರೆಯಿದೆ. 2009ರ ಜುಲೈನಲ್ಲಿ ಅಮೆಜಾನ್, ತನ್ನ ಗ್ರಾಹಕರು ಹಣ ಕೊಟ್ಟು ಕೊಂಡಿದ್ದ ಎರಡು ಪುಸ್ತಕಗಳನ್ನು ಅವರ ಯಂತ್ರಗಳಿಂದ ದೂರದಿಂದಲೇ ಅಳಿಸಿಹಾಕಿತು. ಮಾರಿದವರಿಗೆ ಹಕ್ಕಿರಲಿಲ್ಲವೆಂಬುದು ಕಾರಣ. ಹಣ ಹಿಂತಿರುಗಿಸಲಾಯಿತು, ಕಂಪನಿಯ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆಯನ್ನೂ ಕೇಳಿದರು. ಅಳಿಸಿದ ಪುಸ್ತಕಗಳು ಜಾರ್ಜ್ ಆರ್ವೆಲ್ಲರ ‘1984’ ಮತ್ತು ‘ಅನಿಮಲ್ ಫಾರ್ಮ್’ ಎಂಬುದನ್ನು ಯಾವ ಕಾದಂಬರಿಕಾರನಾದರೂ ಬರೆದಿದ್ದರೆ ನಾವು ಅತಿಯಾಯಿತೆನ್ನುತ್ತಿದ್ದೆವು. ಅಳಿಸುವುದು ಸಾಧ್ಯವಾದಲ್ಲಿ ತಿದ್ದುವುದೂ ಸಾಧ್ಯ. 2023ರಲ್ಲಿ ರೋಆಲ್ಡ್ ಡಾಲ್ ಅವರ ಮಕ್ಕಳ ಕಥೆಗಳ ಮಾತುಗಳನ್ನು ಹೊಸ ಆವೃತ್ತಿಗಳಲ್ಲಿ ಬದಲಿಸಿದ್ದು ಬಯಲಾಗಿ ಕೋಲಾಹಲವೆದ್ದಾಗ, ಹಳೆಯ ಪಾಠವನ್ನೂ ಅಚ್ಚಿನಲ್ಲಿ ಉಳಿಸುವುದಾಗಿ ಪ್ರಕಾಶಕರು ಸಾರಬೇಕಾಯಿತು. ಬದಲಾಗಿದೆಯೆಂದು ಯಾರಿಗಾದರೂ ತಿಳಿದದ್ದು ಹೇಗೆ? ಹಳೆಯ ಪ್ರತಿ ಪಕ್ಕದಲ್ಲಿ ಇದ್ದದ್ದರಿಂದ.

ತಿದ್ದುವುದೇ ಅಪರಾಧವೆಂದು ನನ್ನ ವಾದವಲ್ಲ. ಟೋಲ್ಕಿನ್ನರೇ ತಿದ್ದಿದ್ದಾರೆ, ಅದೂ ಐದನೆಯ ಅಧ್ಯಾಯವನ್ನು. 1937ರಲ್ಲಿ ಅಚ್ಚಾದ ಮೊದಲ ಪಾಠದಲ್ಲಿ ಗೊಲ್ಲಮ್ ಅಷ್ಟೇನೂ ದುಷ್ಟನಲ್ಲ. ಒಗಟಿನಲ್ಲಿ ಸೋತರೆ ಉಂಗುರವನ್ನೇ ಕಾಣಿಕೆ ಕೊಡುತ್ತೇನೆಂದು ಪಣ ಕಟ್ಟಿರುತ್ತಾನೆ. ಸೋತಮೇಲೆ ಅದು ಸಿಗದೆ ಪೇಚಾಡುತ್ತಾನೆ. ಮುಂದೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆಯುವಾಗ ಉಂಗುರ ಭಯಂಕರ ಶಕ್ತಿಯಾಗಿ ಬೆಳೆಯಿತು. ಅಂಥದನ್ನು ಯಾರೂ ತಾವಾಗಿ ಬಿಟ್ಟುಕೊಡಲಾರರು ಎಂಬುದು ಆ ಲೋಕದ ನಿಯಮವಾಯಿತು. ಹೊಸ ನಿಯಮಕ್ಕೆ ಹಳೆಯ ಅಧ್ಯಾಯ ಒಗ್ಗಲಿಲ್ಲ. 1951ರ ಎರಡನೆಯ ಆವೃತ್ತಿಯಲ್ಲಿ ಗೊಲ್ಲಮ್ ಪಣವಾಗಿ ಒಡ್ಡುವುದು ಹೊರದಾರಿ ತೋರಿಸುವುದನ್ನು ಮಾತ್ರ; ಸೋತಮೇಲೆ ಉಂಗುರ ತೊಟ್ಟು ಬಿಲ್ಬೊನನ್ನು ಕೊಲ್ಲುವುದಕ್ಕೇ ಹೊರಡುತ್ತಾನೆ. ಇನ್ನು ಮೊದಲಿನ ಪಾಠದ ಗತಿಯೇನು? ಟೋಲ್ಕಿನ್ ಅದನ್ನು ಮುಚ್ಚಿಡಲಿಲ್ಲ. ಅದು ಬಿಲ್ಬೊ ಸಂಗಡಿಗರಿಗೆ ಹೇಳಿದ ಸುಳ್ಳು, ಉಂಗುರದ ಮೇಲೆ ತನ್ನ ಹಕ್ಕು ಸ್ಥಾಪಿಸಲು ಹೆಣೆದ ಕಥೆ ಎಂದು ಮುಂದಿನ ಗ್ರಂಥದ ಪೀಠಿಕೆಯಲ್ಲಿ ಕಥೆಯೊಳಗೇ ಸೇರಿಸಿಬಿಟ್ಟರು! ಉಂಗುರದ ಕೇಡು ಎಷ್ಟು ಬೇಗ ಕೆಲಸಕ್ಕೆ ತೊಡಗಿತ್ತೆಂಬುದಕ್ಕೆ ಆ ಸುಳ್ಳೇ ಮೊದಲ ಸಾಕ್ಷಿಯಾಯಿತು. ಈ ಜಾಣ್ಮೆಯನ್ನು ನಾವು ಸವಿಯುವುದಾದರೂ ಎರಡು ಪಾಠಗಳೂ ಉಳಿದುಬಂದಿರುವುದರಿಂದ.

1937ರಲ್ಲಿ ಮೊದಲು ಅಚ್ಚಾದದ್ದು 1,500 ಪ್ರತಿಗಳು. ಅವುಗಳಲ್ಲಿ ಕೆಲವು ಇಂದಿಗೂ ಗ್ರಂಥಾಲಯಗಳಲ್ಲಿ, ಸಂಗ್ರಾಹಕರ ಕಪಾಟುಗಳಲ್ಲಿ ಇವೆ. ಅಲ್ಲಿನ ಐದನೆಯ ಅಧ್ಯಾಯವನ್ನು ತೆರೆದರೆ ಗೊಲ್ಲಮ್ ಈಗಲೂ ಕಾಣಿಕೆ ಸಿಗಲಿಲ್ಲವೆಂದು ಕ್ಷಮೆ ಕೇಳುತ್ತಾನೆ, ಬಿಲ್ಬೊನಿಗೆ ದಾರಿ ತೋರಿಸಿ ಕತ್ತಲೆಗೆ ಮರಳುತ್ತಾನೆ.